ಯಾವ ವರ್ಷದ ಹಡಗ್ರಿ ಇದು?

ಹಡಗುಗಳ ಚಿಕ್ಕ ಮಾದರಿ ಮಾಡುವ ಹವ್ಯಾಸದ ಬಗ್ಗೆ ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋಗಿ ನಾನು ಕತ್ತಲಲ್ಲಿ ಸುಮ್ನೆ ನಿಂತಿದ್ದ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಹಡಗುಗಳನ್ನು ಹತ್ತಿರ ಬಂದು ನೋಡಿ, ಆದರೆ ಮುಟ್ಟಬೇಡಿ. ಮುಟ್ಟಲೇಬೇಕು ಅನ್ನಿಸಿದರೆ ಎಡಗಡೆಯ ದೊಡ್ಡದನ್ನು ಮುಟ್ಟಿ. ಅದು ಹೇಗೂ ಕೆಟ್ಟಿದೆ. ಯಾಕೆ ಕೆಟ್ಟಿತು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನು ಮುಗಿಸಿಬಿಡೋಣ. ಕಲಬುರಗಿಯಲ್ಲಿ ಕೂತು ಹಡಗು ಯಾಕೆ? ನಮಗೆ ನೀರು ಅಂದರೆ ಅಪ್ಪನ ಕೆರೆ, ಜಾಸ್ತಿ ಅಂದರೆ ಭೀಮಾ ನದಿ. ನಾನು ಸಮುದ್ರ ನೋಡಿದ್ದೇ ಇಪ್ಪತ್ತಾರನೇ ವಯಸ್ಸಿನಲ್ಲಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದಾಗ. ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಓದಿದವನು ನಾನು, ಮೂವತ್ತು ವರ್ಷ ಮನೆ, ಗೋದಾಮು, ಚರಂಡಿ ಇವುಗಳ ನಕ್ಷೆ ತೆಗೆದವನು. ಮನೆಯ ನಕ್ಷೆಯಲ್ಲಿ ಎಲ್ಲಾ ಗೆರೆ ನೇರ. ಒಂದು ದಿನ ಯಾವುದೋ ಹಳೆಯ ಪುಸ್ತಕದಲ್ಲಿ ಹಡಗಿನ ನಕ್ಷೆ ಕಣ್ಣಿಗೆ ಬಿತ್ತು. ಅದರ ಒಡಲಿನಲ್ಲಿ ನೇರ ಗೆರೆ ಹುಡುಕಿ ಹುಡುಕಿ ಸಾಕಾಯಿತು. ಅಷ್ಟೇ ಕಾರಣ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಸಮುದ್ರಕ್ಕೂ ನಮ್ಮ ಕಡೆಗೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಬೀದರಿನ ಮದರಸಾ ನೋಡಿದ್ದೀರಲ್ಲ, 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು, ಸಮುದ್ರ ದಾಟಿ ದಾಭೋಳ ಬಂದರಿಗೆ ಬಂದಿಳಿದವನು. ಅದೇ ಕಾಲಕ್ಕೆ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಹೊರ್ಮುಜ್ ಕಡೆಯಿಂದ ಚೌಲ್‌ಗೆ ಬಂದ, ಅಲ್ಲಿಂದ ನಡೆದು ಬೀದರಿಗೆ ಬಂದ. ಬಹಮನಿಗಳ ಕುದುರೆಗಳಲ್ಲಿ ಎಷ್ಟೋ ಹೀಗೆ ನೀರಿನ ಮೇಲೆ ಬಂದವು. ನಿಕಿತಿನ್ ತಾನು ಬಂದ ಹಡಗಿನ ಹೆಸರನ್ನೂ ಬರೆದಿಟ್ಟಿದ್ದಾನೆ: ತವ. ನನಗೆ ಆ ತವ ಮಾಡಬೇಕು ಅಂತ ಬಹಳ ಆಸೆ ಇತ್ತು. ಬೀದರಿಗೆ ಕುದುರೆ ತಂದ ಹಡಗನ್ನು ಕಲಬುರಗಿಯವನು ಮಾಡಿದರೆ ಚಂದ, ಅಲ್ವಾ? ಆದರೆ ಅವನು ಹೆಸರು ಬರೆದ, ಚಿತ್ರ ಬರೆಯಲಿಲ್ಲ. ಹಾಯಿ ಕಟ್ಟುವ ಕೂವೆಮರ ಎಷ್ಟು, ಒಡಲು ಎಲ್ಲಿ ಬಾಗಿತ್ತು, ಕುದುರೆಯನ್ನು ಎಲ್ಲಿ ಕಟ್ಟುತ್ತಿದ್ದರು, ಏನೂ ಇಲ್ಲ. ಹೆಸರು ಸಿಕ್ಕ ಮಾತ್ರಕ್ಕೆ ಹಡಗು ಸಿಕ್ಕಿತು ಅಂತ ಅಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಈಗ ಆ ಚಿಕ್ಕ ಬೂದುಬಣ್ಣದ ಹಡಗಿಗೆ ಬರೋಣ. ಅದು ಐಎನ್‌ಎಸ್ ವಿಕ್ರಾಂತ್, ಹಳೆಯದು, ನಮ್ಮ ಮೊದಲ ವಿಮಾನವಾಹಕ. ನಿಜವಾದ ಹಡಗು ಸುಮಾರು 213 ಮೀಟರ್ ಉದ್ದ ಇತ್ತು. 1:700 ಅಳತೆಯಲ್ಲಿ ಅದು 30 ಸೆಂಟಿಮೀಟರ್ ಆಗುತ್ತದೆ, ಸ್ಕೂಲ್ ಮಕ್ಕಳ ಸ್ಕೇಲಿನಷ್ಟು. ಪ್ಲಾಸ್ಟಿಕ್ ಹಾಳೆ, ಸನ್‌ಬೋರ್ಡ್ ಚೂರು, ಹಲ್ಲುಕಡ್ಡಿ, ಇಂಥವನ್ನೆಲ್ಲ ಸೇರಿಸಿ ಎಂಟು ತಿಂಗಳು ಕೂತು ಮಾಡಿದ್ದೆ. ಡೆಕ್ ಮೇಲೆ ಸೀ ಹಾಕ್ ವಿಮಾನ ಆರು, ಅಲಿಜೆ ವಿಮಾನ ನಾಲ್ಕು. ಕೆಳಗೆ ಹಿತ್ತಾಳೆ ತಗಡಿನ ಮೇಲೆ '1971' ಅಂತ ಕೊರೆಸಿದ್ದೆ. ನಮ್ಮೂರಿನ ಒಂದು ಪ್ರದರ್ಶನದಲ್ಲಿ ಇಟ್ಟಾಗ ಜನ ಬಂದು ಫೋಟೋ ಹೊಡೆದುಕೊಂಡರು. ನಾನೂ ಎದೆ ಉಬ್ಬಿಸಿಕೊಂಡೇ ನಿಂತಿದ್ದೆ.

ಸಂಜೆ ಹೊತ್ತಿಗೆ ಒಬ್ಬ ಹಿರಿಯರು ಬಂದರು. ಬಿಳಿ ಅಂಗಿ, ಕೈಯಲ್ಲಿ ತರಕಾರಿ ಚೀಲ. ಚೀಲ ಕೆಳಗಿಟ್ಟು, ಕನ್ನಡಕ ಮೇಲೆತ್ತಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಎರಡು ನಿಮಿಷ ಮಾತಿಲ್ಲ. ಆಮೇಲೆ ಕೇಳಿದರು, "ಛಂದ ಮಾಡೀರಿ. ಆದ್ರ ಯಾವ ವರ್ಷದ ಹಡಗ್ರಿ ಇದು?"

"1971, ಯುದ್ಧದ್ದು," ಅಂದೆ. ತಗಡು ತೋರಿಸಿದೆ.

"71ರಾಗ ಮುಂದ ಈ ದಿನ್ನಿ ಎಲ್ಲಿತ್ರಿ?"

ಅವರು ಬೆರಳು ತೋರಿಸಿದ್ದು ಸ್ಕೀ ಜಂಪ್ ಕಡೆಗೆ. ಡೆಕ್ಕಿನ ಮುಂತುದಿ ಮೇಲಕ್ಕೆ ಬಾಗಿರುತ್ತದಲ್ಲ, ಅದು. ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಮನೆಗೆ ಹೋಗಿ ಇದ್ದಬದ್ದ ಫೋಟೋ ಎಲ್ಲಾ ಹರಡಿಕೊಂಡು ಕೂತೆ. ಅವರ ಮಾತೇ ಸರಿ. 1971ರಲ್ಲಿ ವಿಕ್ರಾಂತ್‌ನ ಮುಂಭಾಗ ಚಪ್ಪಟೆ. ಸೀ ಹಾಕ್ ವಿಮಾನಗಳನ್ನು ಹಬೆಯ ಒತ್ತಡದ ಕವಣೆಯಿಂದ ಆಕಾಶಕ್ಕೆ ಎಸೆಯುತ್ತಿದ್ದರು. 1983ರಿಂದ ಸೀ ಹ್ಯಾರಿಯರ್ ವಿಮಾನಗಳು ಬರತೊಡಗಿದವು. ಅವುಗಳಿಗಾಗಿ 1980ರ ದಶಕದ ಕೊನೆಗೆ ಕವಣೆ ತೆಗೆದು ಆ ದಿನ್ನೆ ಕಟ್ಟಿದರು. ಅಷ್ಟರಲ್ಲಿ ಸೀ ಹಾಕ್ ಕೆಲಸದಿಂದ ನಿವೃತ್ತಿ ಆಗಿತ್ತು. ಅಂದರೆ ನಾನು ಮಾಡಿದ ಹಡಗು ಯಾವತ್ತೂ ಯಾವ ನೀರಿನ ಮೇಲೂ ತೇಲಿಲ್ಲ. ಮೂತಿ 1990ರದ್ದು, ವಿಮಾನ 1971ರದ್ದು. ಮದುವೆ ಫೋಟೋದಲ್ಲಿ ವರನ ಪಕ್ಕದಲ್ಲಿ ಅವನ ಮೊಮ್ಮಗನನ್ನು ನಿಲ್ಲಿಸಿದ ಹಾಗೆ.

ತಪ್ಪು ಆಗಿದ್ದು ಹೇಗೆ? ನನ್ನ ಹತ್ತಿರ ಇದ್ದ ಫೋಟೋಗಳಲ್ಲಿ ಚೆನ್ನಾಗಿದ್ದವು, ಬಣ್ಣದವು, ಹತ್ತಿರದಿಂದ ತೆಗೆದವು ಎಲ್ಲಾ ಮುಂಬೈಯಲ್ಲಿ ಹಡಗು ಮ್ಯೂಸಿಯಂ ಆಗಿ ನಿಂತಿದ್ದಾಗಿನವು. 1997ರ ಜನವರಿಯಲ್ಲಿ ವಿಕ್ರಾಂತ್ ನಿವೃತ್ತಿ ಆಯಿತು, ಆಮೇಲೆ 2012ರವರೆಗೆ ಜನ ಹತ್ತಿ ನೋಡುತ್ತಿದ್ದರು. 2014ರಲ್ಲಿ ಒಡೆಯಲು ಶುರು ಮಾಡಿದರು, ಆ ಕಬ್ಬಿಣದಲ್ಲಿ ಬೈಕ್ ಕೂಡ ಬಂತು, ನಿಮ್ಮಲ್ಲಿ ಯಾರದಾದರೂ ಮನೆಯಲ್ಲಿ ಇದ್ದರೂ ಇರಬಹುದು. ಫೋಟೋ ಸಿಗುವುದು ಜಾಸ್ತಿ ಹಡಗಿನ ಮುದಿವಯಸ್ಸಿನದೇ. ನಮಗೆ ಬೇಕಾಗಿರುವುದು ಪ್ರಾಯದ್ದು.

ಆವತ್ತಿನಿಂದ ಕೆಲಸ ಶುರು ಮಾಡುವ ಮುಂಚೆ ಒಂದು ತಾರೀಖು ಬರೆದುಕೊಳ್ಳುತ್ತೇನೆ. ಹಡಗಿನ ಹೆಸರು ಆಮೇಲೆ. 'ವಿಕ್ರಾಂತ್ ಮಾಡುತ್ತೇನೆ' ಅನ್ನುವುದು ಅರ್ಧ ಮಾತು. 'ಡಿಸೆಂಬರ್ 1971ರ ವಿಕ್ರಾಂತ್ ಮಾಡುತ್ತೇನೆ' ಅನ್ನಬೇಕು. ಹಡಗು ಅಂದರೆ ಮನೆ ಇದ್ದ ಹಾಗೆ, ಇವತ್ತು ಒಂದು ಕಿಟಕಿ ಒಡೆಯುತ್ತಾರೆ, ನಾಳೆ ಮೇಲೊಂದು ಶೆಡ್ ಹಾಕುತ್ತಾರೆ. ಡಾಕ್‌ಯಾರ್ಡಿಗೆ ಹೋಗಿಬಂದ ಪ್ರತಿ ಸಲ ಏನೋ ಒಂದು ಬದಲಾಗಿರುತ್ತದೆ. ರಾಡಾರ್ ಬೇರೆ, ಆಂಟೆನಾ ಬೇರೆ, ದೋಣಿ ಇಡುವ ಜಾಗ ಬೇರೆ. ಬಣ್ಣ ಅಂತೂ ಕೇಳಲೇಬೇಡಿ. ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆ ಗೊತ್ತಲ್ಲ, ಅದರ ಮೈಮೇಲಿನ ಕಪ್ಪುಬಿಳುಪು ಪಟ್ಟೆಗಳು ಬಹಳ ಪ್ರಸಿದ್ಧ. ಆದರೆ 1941ರ ಮೇನಲ್ಲಿ ಅದು ಕೊನೆಯ ಪ್ರಯಾಣಕ್ಕೆ ಹೊರಟಾಗ ನಾರ್ವೆಯಲ್ಲಿ ನಿಂತು ಆ ಪಟ್ಟೆಗಳ ಮೇಲೆ ಬೂದುಬಣ್ಣ ಬಳಿದುಕೊಂಡೇ ಹೋಯಿತು. ಪಟ್ಟೆ ಹಾಕಿ 'ಕೊನೆಯ ಯುದ್ಧ' ಅಂತ ಬರೆದರೆ ನನ್ನ ದಿನ್ನೆಯ ಕತೆಯೇ ಆಯಿತು.

ಸರಿ, ತಾರೀಖು ಆಯಿತು. ಆಮೇಲೆ ನಕ್ಷೆ. ಹಡಗಿನ ನಕ್ಷೆ ಓದುವುದು ಕಷ್ಟ ಅಂತ ಹೆದರುತ್ತಾರೆ, ಒಂದು ಸೌತೆಕಾಯಿ ತಂದರೆ ಹತ್ತು ನಿಮಿಷದ ಕೆಲಸ. ಸೌತೆಕಾಯಿಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆ ಕೊಯ್ಯಿರಿ, ಒಂದೊಂದು ಬಿಲ್ಲೆಯ ಅಂಚನ್ನು ಕಾಗದದ ಮೇಲೆ ಒಂದರ ಮೇಲೊಂದು ಬರೆಯಿರಿ, ಅದು ಹಡಗಿನ ಅಡ್ಡಕೊಯ್ತದ ನಕ್ಷೆ. ಇನ್ನೊಂದನ್ನು ನೆಲಕ್ಕೆ ಸಮನಾಗಿ ಹೋಳು ಮಾಡಿ ಮೇಲಿನಿಂದ ನೋಡಿ, ಅದು ನೀರಿನ ಗೆರೆಗಳ ನಕ್ಷೆ. ಮೂರನೆಯದನ್ನು ಉದ್ದಕ್ಕೆ ನಿಲ್ಲಿಸಿ ಸೀಳಿ ಪಕ್ಕದಿಂದ ನೋಡಿ. ಮೂರೂ ಒಂದೇ ಸೌತೆಕಾಯಿ. ಹಾಗಾಗಿ ಒಂದು ನಕ್ಷೆಯಲ್ಲಿ ಗುರುತಿಸಿದ ಬಿಂದು ಉಳಿದ ಎರಡರಲ್ಲೂ ಅದೇ ಅಳತೆಗೆ ಬರಬೇಕು. ಬರಲಿಲ್ಲ ಅಂದರೆ ಮೂರರಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಯಾವ ನಕ್ಷೆ ಕೈಗೆ ಬಂದರೂ ನಾನು ಮೊದಲು ಮಾಡುವುದು ಇದನ್ನೇ. ಹತ್ತು ಬಿಂದು ಆರಿಸಿಕೊಳ್ಳುತ್ತೇನೆ, ಡಿವೈಡರ್ ಹಿಡಿದು ಮೂರೂ ಕಡೆ ನೋಡುತ್ತೇನೆ. ಅರ್ಧಕ್ಕರ್ಧ ನಕ್ಷೆ ಅಲ್ಲೇ ಬಿದ್ದುಹೋಗುತ್ತವೆ. ಯಾರೋ ಫೋಟೋ ನೋಡಿ ಅಂದಾಜಿಗೆ ಎಳೆದಿರುತ್ತಾರೆ.

ಈಗ ಆ ಎಡಗಡೆಯ ದೊಡ್ಡ ಹಡಗು. ಅದು ನನ್ನ ಎರಡನೇ ವಿಕ್ರಾಂತ್, 1:350. ಈ ಸಲ ತಾರೀಖು ಸರಿ, ದಿನ್ನೆ ಇಲ್ಲ. ನಕ್ಷೆಯೂ ಒಳ್ಳೆಯದು, ಮೂರೂ ಕಡೆ ತಾಳೆ ಆಗಿತ್ತು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಒಂದು ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿದೆ. ಅಂಗಡಿಯ ಹುಡುಗ ಪಾಪ, ಅಂಚು ಕಟ್ ಆಗಬಾರದು ಅಂತ 'ಫಿಟ್ ಟು ಪೇಜ್' ಒತ್ತಿದ. ನಾನು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ. ನಕ್ಷೆ ನೂರಕ್ಕೆ 96ರಷ್ಟಾಗಿ ಬಂತು. ಕಣ್ಣಿಗೆ ಗೊತ್ತಾಗುತ್ತದಾ? ಆಗುವುದಿಲ್ಲ. ನಾಲ್ಕು ತಿಂಗಳು ಒಡಲು ಕಟ್ಟಿದೆ, ಉಜ್ಜಿದೆ, ಪ್ರೈಮರ್ ಹೊಡೆದೆ. ಆಮೇಲೆ ವಿಮಾನಗಳನ್ನು ತಂದು ಲಿಫ್ಟಿನ ಮೇಲೆ ಇಟ್ಟು ನೋಡುತ್ತೇನೆ, ಎಲ್ಲೋ ಇಕ್ಕಟ್ಟು ಕಾಣಿಸಿತು. ವಿಮಾನವನ್ನು ನಾನು ಅಂಕಿ ನೋಡಿ ಮಾಡಿದ್ದೆ, ಹಡಗನ್ನು ಪ್ರಿಂಟ್ ನೋಡಿ. ಟೇಪು ಹಿಡಿದರೆ 61 ಸೆಂಟಿಮೀಟರ್ ಇರಬೇಕಾದ ಹಡಗು ಐವತ್ತೆಂಟೂವರೆ. ನಿಜವಾದ ಹಡಗಿನ ಲೆಕ್ಕದಲ್ಲಿ ಎಂಟೂವರೆ ಮೀಟರ್ ಮಾಯ! ಒಂದು ಟ್ರಕ್ಕಿನಷ್ಟು ಉದ್ದ.

ಇದರಲ್ಲಿ ಹುಡುಗನ ತಪ್ಪು ಏನೂ ಇಲ್ಲ. ನಕ್ಷೆಯಲ್ಲಿ ಅಳತೆಪಟ್ಟಿ ಇತ್ತು, ನಾನು ಅದರ ಮೇಲೆ ಸ್ಕೇಲ್ ಇಟ್ಟು ನೋಡಲಿಲ್ಲ. ಈಗ ಪ್ರಿಂಟ್ ತೆಗೆಸುವ ಮುಂಚೆ ನಕ್ಷೆಯ ಮೇಲೆ ನಾನೇ ಎರಡು ಗೆರೆ ಹಾಕಿಸುತ್ತೇನೆ, ಉದ್ದಕ್ಕೆ 20 ಸೆಂಟಿಮೀಟರ್, ಅಡ್ಡಕ್ಕೆ 20 ಸೆಂಟಿಮೀಟರ್. ಎರಡೂ ಯಾಕೆ ಅಂದರೆ ಝೆರಾಕ್ಸ್ ಮಷೀನು ಕಾಗದವನ್ನು ಎಳೆಯುವ ದಿಕ್ಕಿನಲ್ಲಿ ಒಂದು ಥರ, ಅಡ್ಡಕ್ಕೆ ಒಂದು ಥರ ಹಿಗ್ಗಿಸುವುದುಂಟು. ಕಾಗದವೇ ಮಳೆಗಾಲದಲ್ಲಿ ಹಿಗ್ಗುತ್ತದೆ. ನಮ್ಮ ಮೇ ತಿಂಗಳಲ್ಲಿ, ನಿಮಗೆ ಗೊತ್ತೇ ಇದೆ, ಕಾಗದ ಏನು, ಮನುಷ್ಯನೇ ಕುಗ್ಗುತ್ತಾನೆ.

ವಿಕ್ರಾಂತ್‌ನ ನಕ್ಷೆ ಹುಡುಕುವಾಗ ಇನ್ನೊಂದು ಬಲೆ ಇದೆ. ಆ ಹಡಗು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹೆಸರು ಹರ್ಕ್ಯುಲಿಸ್, ನೀರಿಗೆ ಇಳಿದದ್ದು 1945ರಲ್ಲಿ. ಯುದ್ಧ ಮುಗಿಯಿತು, ಕೆಲಸ ನಿಂತಿತು. 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ 1961ರ ಮಾರ್ಚಿನಲ್ಲಿ ನೌಕಾಪಡೆಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಡೆಕ್ಕಿಗೆ ಓರೆಯಾದ ರನ್‌ವೇ ಬಂದಿತ್ತು. 1945ರ ನಕ್ಷೆಯಲ್ಲಿ ಅದು ಇಲ್ಲ. ಇದರ ಅಕ್ಕತಂಗಿ ಹಡಗುಗಳು ಆಸ್ಟ್ರೇಲಿಯಾಕ್ಕೆ ಮೆಲ್ಬೋರ್ನ್ ಅಂತ, ಕೆನಡಾಕ್ಕೆ ಬೊನಾವೆಂಚರ್ ಅಂತ ಹೋದವು. ಅವುಗಳ ನಕ್ಷೆ ಸುಲಭವಾಗಿ ಸಿಗುತ್ತದೆ ಅಂತ ಪೂರ್ತಿ ನಕಲು ಮಾಡಿದರೆ ಮೇಲ್ಗಡೆಯೆಲ್ಲ ತಪ್ಪು. ಆದರೆ ನೀರಿನ ಕೆಳಗಿನ ಒಡಲಿಗೆ ಅವು ಬಂಗಾರ, ಯಾಕೆಂದರೆ ಹುಟ್ಟಿದ ಅಚ್ಚು ಒಂದೇ. ಹೊಟ್ಟೆ ಅಕ್ಕನದು ನೋಡಿ ಮಾಡಿ, ಮುಖ ಮಾತ್ರ ಇವಳದೇ ಫೋಟೋ ನೋಡಿ ಮಾಡಿ.

ಅಕ್ಕತಂಗಿಯರ ವಿಷಯ ಬಂದಾಗ ಟೈಟಾನಿಕ್ ಬಿಡುವ ಹಾಗಿಲ್ಲ. 'ಟೈಟಾನಿಕ್' ಅಂತ ಓಡಾಡುವ ಎಷ್ಟೋ ಫೋಟೋ ನಿಜಕ್ಕೂ ಅದರ ಅಕ್ಕ ಒಲಿಂಪಿಕ್‌ದು. ಟೈಟಾನಿಕ್ ಮೊದಲ ಪ್ರಯಾಣದಲ್ಲೇ 1912ರಲ್ಲಿ ಮುಳುಗಿತು, ಫೋಟೋ ತೆಗೆಯಲು ಯಾರಿಗೆ ಪುರುಸೊತ್ತಿತ್ತು? ಒಲಿಂಪಿಕ್ 1935ರವರೆಗೆ ಓಡಿತು, ಫೋಟೋ ಲೆಕ್ಕವಿಲ್ಲದಷ್ಟು. ಗುರುತು ಹಿಡಿಯುವುದು ಸುಲಭ. ಮೇಲಿನ ಅಡ್ಡಾಡುವ ಮೊಗಸಾಲೆ ನೋಡಿ. ಮುಂದಿನ ಅರ್ಧಕ್ಕೆ ಗಾಜಿನ ಕಿಟಕಿ ಹಾಕಿ ಮುಚ್ಚಿದ್ದರೆ ಟೈಟಾನಿಕ್, ಉದ್ದಕ್ಕೂ ತೆರೆದಿದ್ದರೆ ಒಲಿಂಪಿಕ್. ಇಷ್ಟು ಗೊತ್ತಿದ್ದರೆ ಇನ್ಮೇಲೆ ನೀವು ಕ್ಯಾಲೆಂಡರ್ ನೋಡಿದಾಗೆಲ್ಲ ನಿಮ್ಮ ಮನೆಯವರಿಗೆ ಬೇಜಾರು ಮಾಡಬಹುದು.

ಮನೆಯವರು ಅಂದಾಗ ಕಾರವಾರದ ಕತೆ. ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಸುಮಾರು 38 ಮೀಟರ್ ಉದ್ದ. ಬರೀ ನೋಡಿ ಬರೋಣ ಅಂತ ಹೇಳಿ ಕರೆದುಕೊಂಡು ಹೋಗಿದ್ದೆ. ಚೀಲದಲ್ಲಿ ಟೇಪು, ನೋಟ್‌ಬುಕ್ಕು, ಜೊತೆಗೆ ಒಂದು ಮೀಟರ್ ಉದ್ದದ ಕೋಲು. ಆ ಕೋಲಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಕಪ್ಪು ಬಿಳಿ ಪಟ್ಟಿ ಹಚ್ಚಿದ್ದೇನೆ. ಫೋಟೋ ತೆಗೆಯುವಾಗ ಅದನ್ನು ವಸ್ತುವಿಗೆ ತಾಗಿಸಿ ನಿಲ್ಲಿಸಿದರೆ ಆಮೇಲೆ ಮನೆಯಲ್ಲಿ ಕೂತು ಎಲ್ಲವನ್ನೂ ಅಳೆಯಬಹುದು. ನೇರವಾಗಿ ಎದುರಿಗೆ ನಿಂತು ತೆಗೆಯಬೇಕು, ಓರೆಯಾಗಿ ತೆಗೆದರೆ ದೂರದ ಪಟ್ಟಿ ಚಿಕ್ಕದಾಗಿ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೋದವನು ಮಧ್ಯಾಹ್ನ ಎರಡಾದರೂ ಅಲ್ಲೇ. ಬಾಗಿಲಿನ ಒಂದು ಕೀಲು, ಅದರ ಪಕ್ಕದ ಬೋಲ್ಟು, ರೇಲಿಂಗಿನ ಕಂಬ ಎಷ್ಟು ದೂರಕ್ಕೊಂದು, ಇದೇ ಆಯಿತು. ಮನೆಯವಳು ದಡದಲ್ಲಿ ನಿಂತು ಕೂಗಿದಳು, "ಮಂದಿ ಸಮುದ್ರ ನೋಡ್ಲಾಕ ಬರ್ತಾರ, ನೀವು ಬೋಲ್ಟ್ ಎಣಿಸ್ಲಾಕ ಬಂದೀರಿ!"

ಅಲ್ಲಿ ಇನ್ನೊಬ್ಬ ಪ್ರವಾಸಿ ತನ್ನ ಮಗನಿಗೆ ಹೇಳುತ್ತಿದ್ದ, ಇದೇ ದೋಣಿ 71ರಲ್ಲಿ ಕರಾಚಿಗೆ ಹೋಗಿ ಬೆಂಕಿ ಹಚ್ಚಿತು ಅಂತ. ಬಾಯಿಗೆ ಬಂತು, ತಡೆದುಕೊಂಡೆ. ಕರಾಚಿ ಮೇಲೆ 1971ರ ಡಿಸೆಂಬರ್ 4ರ ರಾತ್ರಿ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ದೋಣಿಗಳು. ಚಪಲ್ ನಮ್ಮ ನೌಕಾಪಡೆಗೆ ಬಂದಿದ್ದೇ 1976ರಲ್ಲಿ. ಅದು ಅದೇ ಜಾತಿಯ ಮುಂದಿನ ಪೀಳಿಗೆ. ಕ್ಷಿಪಣಿ ಇಡುವ ಗೂಡು ನೋಡಿದರೆ ಸಾಕು, ವ್ಯತ್ಯಾಸ ಎದ್ದು ಕಾಣುತ್ತದೆ. ಕರಾಚಿಗೆ ಹೋದವುಗಳ ಗೂಡು ಪೆಟ್ಟಿಗೆಯಂತೆ ಚೌಕ, ಚಪಲ್‌ದು ಡ್ರಮ್ಮಿನಂತೆ ದುಂಡು. ಹಾಗಾದರೆ ನನ್ನ ನಾಲ್ಕು ಗಂಟೆ ದಂಡವೇ? ಇಲ್ಲ. ಒಡಲು, ಬಾಗಿಲು, ಸರಪಳಿ, ಲಂಗರಿನಂಥ ಎಷ್ಟೋ ಸಾಮಾನು ಎರಡೂ ಪೀಳಿಗೆಗೆ ಹತ್ತಿರ ಹತ್ತಿರ. ನಾನು 'ವೀರ್' ಮಾಡುವಾಗ ಅವನ್ನು ಇಲ್ಲಿಂದ ತೆಗೆದುಕೊಂಡೆ. ಗೂಡನ್ನು ಮಾತ್ರ ಆ ಕಾಲದ ಕಪ್ಪುಬಿಳುಪು ಫೋಟೋಗಳಿಂದ. ಯಾವ ಸಾಕ್ಷಿಯಿಂದ ಎಷ್ಟು ತೆಗೆದುಕೊಳ್ಳಬೇಕು ಅನ್ನುವುದೇ ಈ ಕೆಲಸದಲ್ಲಿ ಮುಕ್ಕಾಲು ಪಾಲು. ಅಂಟಿಸುವುದು ಉಜ್ಜುವುದು ಉಳಿದ ಕಾಲು ಪಾಲು.

ಫೋಟೋದಲ್ಲಿ ಕೋಲು ಇಲ್ಲದಿದ್ದರೆ? ಹಳೆಯ ಫೋಟೋದಲ್ಲಿ ಯಾರು ನಮಗಾಗಿ ಕೋಲು ಹಿಡಿದು ನಿಂತಿರುತ್ತಾರೆ? ಆಗ ಫೋಟೋದಲ್ಲೇ ಅಳತೆ ಗೊತ್ತಿರುವ ಏನಾದರೂ ಇದೆಯಾ ನೋಡಬೇಕು. ವಿಕ್ರಾಂತ್‌ಗೆ ನನ್ನ ಕೋಲು ಸೀ ಹಾಕ್ ವಿಮಾನವೇ. ಅದರ ಉದ್ದ 12 ಮೀಟರ್ ಚಿಲ್ಲರೆ. ಡೆಕ್ಕಿನ ಮೇಲೆ ವಿಮಾನ ನಿಂತಿದ್ದರೆ ಅದರ ಪಕ್ಕದ ಕ್ರೇನು, ಗೋಡೆ, ಬಾಗಿಲು ಎಲ್ಲದರ ಅಳತೆ ಬಿಚ್ಚಿಕೊಳ್ಳುತ್ತದೆ. ಗೋವಾದ ಬೋಗ್ಮಾಲೊ ಹತ್ತಿರದ ನೌಕಾ ವಿಮಾನ ಮ್ಯೂಸಿಯಂಗೆ ಹೋದರೆ ನಿಜವಾದ ಸೀ ಹಾಕ್, ಅಲಿಜೆ ಎರಡನ್ನೂ ನೋಡಬಹುದು. ಗೋವಾಕ್ಕೆ ಹೋದವರು ಬೀಚ್ ಬಿಟ್ಟು ಅಲ್ಲಿಗೆ ಒಂದು ಸಲ ಹೋಗಿ. ನನ್ನ ಹೆಸರು ಹೇಳಬೇಡಿ, ಮನೆಯಲ್ಲಿ ಜಗಳ ಆದರೆ ನಾನು ಜವಾಬ್ದಾರ ಅಲ್ಲ.

ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಹೇಳುವವರನ್ನು ಮಾತ್ರ ನಂಬಬೇಡಿ. ಹಳೆಯ ಕಾಲದ ಒಂದು ಬಗೆಯ ಫಿಲಂಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಬಳಿದದ್ದು ಫೋಟೋದಲ್ಲಿ ಕಪ್ಪಾಗಿ, ನೀಲಿ ಬಳಿದದ್ದು ಬಿಳಚಿಕೊಂಡು ಬರುತ್ತಿತ್ತು. ಇನ್ನು ಹಡಗೇ ಎದುರಿಗಿದ್ದರೂ ಮೋಸ ಹೋಗಬಹುದು. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ದಿನವೇ ಬಂದರಿನಲ್ಲಿ ಮುಳುಗಿತು. 1961ರಲ್ಲಿ ಇಡೀ ಹಡಗನ್ನೇ ಮೇಲೆತ್ತಿದರು. ಅದರ ಹಿಂಭಾಗದ ಕೆತ್ತನೆಗಳ ಹಿನ್ನೆಲೆ ನೀಲಿ ಅಂತ ಬಹಳ ವರ್ಷ ನಂಬಿದ್ದರು, ಮಾದರಿಗಳಿಗೂ ನೀಲಿಯನ್ನೇ ಬಳಿದರು. ಆಮೇಲೆ ಮರಕ್ಕೆ ಅಂಟಿದ್ದ ಬಣ್ಣದ ಕಣಗಳನ್ನು ಪರೀಕ್ಷೆ ಮಾಡಿದರೆ ಹಿನ್ನೆಲೆ ಕೆಂಪು. ಹಡಗೇ ಕಣ್ಣ ಮುಂದೆ ಇರುವವರ ಪಾಡು ಹೀಗಿದ್ದರೆ ನಾವು ಯಾವ ಲೆಕ್ಕ?

ಇನ್ನು ಪುಸ್ತಕಗಳು. ಮೂರು ಪುಸ್ತಕದಲ್ಲಿ ಒಂದೇ ಅಳತೆ ಇದ್ದರೆ ಮೂರು ಸಾಕ್ಷಿ ಸಿಕ್ಕಿತು ಅಂತ ಖುಷಿ ಪಡಬೇಡಿ. ಎರಡನೆಯವನು ಮೊದಲನೆಯವನದು ನೋಡಿ ಬರೆದಿರುತ್ತಾನೆ, ಮೂರನೆಯವನು ಎರಡನೆಯವನದು ನೋಡಿ. ಪರೀಕ್ಷೆಯಲ್ಲಿ ಒಂದೇ ಬೆಂಚಿನ ಮೂರು ಹುಡುಗರಿಗೆ ಒಂದೇ ತಪ್ಪು ಉತ್ತರ ಬಂದ ಹಾಗೆ.

ನನಗೆ ಇಷ್ಟವಾದ ನಕ್ಷೆಯ ಕತೆ ಒಂದಿದೆ, ಅದನ್ನು ಹೇಳದೆ ಬಿಡಲಾರೆ. ಟ್ರಿಂಕಾಮಲಿ ಅನ್ನುವ ಹಾಯಿಹಡಗು. ಬ್ರಿಟಿಷ್ ನೌಕಾಪಡೆಯದು, ಆದರೆ ಕಟ್ಟಿದ್ದು ಮುಂಬೈಯಲ್ಲಿ, ವಾಡಿಯಾ ಮನೆತನದವರು, ಮಲಬಾರಿನ ತೇಗದಲ್ಲಿ. ಕಟ್ಟಲು ಬೇಕಾದ ನಕ್ಷೆಯನ್ನು ಇಂಗ್ಲೆಂಡಿನಿಂದ ಜಾವಾ ಅನ್ನುವ ಯುದ್ಧನೌಕೆಯಲ್ಲಿ ಕಳಿಸಿದರು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಹೊಡೆದು ಮುಗಿಸಿತು. ನಕ್ಷೆಯೂ ಹೋಯಿತು. ಮತ್ತೆ ಪ್ರತಿ ತೆಗೆಸಿ ಕಳಿಸಬೇಕಾಯಿತು. ಹಡಗು ನೀರಿಗಿಳಿದದ್ದು 1817ರ ಅಕ್ಟೋಬರಿನಲ್ಲಿ. ಇನ್ನೂರು ವರ್ಷ ದಾಟಿದೆ, ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಾ ನಿಂತಿದೆ, ನಮ್ಮ ತೇಗ! ನಕ್ಷೆ ಸಿಗಲಿಲ್ಲ ಅಂತ ನಾನು ಗೊಣಗಿದಾಗಲೆಲ್ಲ ಮುಂಬೈಯಲ್ಲಿ ಮರ ಪೇರಿಸಿಟ್ಟು ನಕ್ಷೆಗೆ ಕಾಯುತ್ತಾ ಕೂತ ವಾಡಿಯಾ ನೆನಪಾಗುತ್ತಾರೆ.

ಅದನ್ನು 1:96ರಲ್ಲಿ ಮಾಡುವಾಗ ಒಂದು ಪಾಠ ಆಯಿತು. ನಿಜವಾದ ಹಡಗು ತೇಗದ್ದು, ನಾನೂ ತೇಗದಲ್ಲೇ ಮಾಡುತ್ತೇನೆ ಅಂತ ಪರಿಚಯದ ಬಡಿಗೇರನ ಹತ್ತಿರ ಚೂರುಪಾರು ತಂದು ಸೀಳಿ ಹಚ್ಚಿದೆ. ತೇಗದ ಎಳೆ ದಪ್ಪ. ಒಂದು ಮಿಲಿಮೀಟರ್ ಎಳೆ ಅಂದರೆ ನಿಜ ಅಳತೆಯಲ್ಲಿ ಹತ್ತಿರ ಹತ್ತಿರ 10 ಸೆಂಟಿಮೀಟರ್. ಹಲಗೆ ಅಲ್ಲ, ಹಗ್ಗ ಸುತ್ತಿದ ಹಾಗೆ ಕಾಣಿಸಿತು. ತೇಗ ಕಾಣಬೇಕಾದರೆ ತೇಗ ಬಳಸಬಾರದು. ಕೊನೆಗೆ ಐಸ್‌ಕ್ರೀಂ ಕಡ್ಡಿ ತಂದು ಸೀಳಿ, ಚಹಾದ ಡಿಕಾಕ್ಷನ್ ಬಳಿದು ಹಚ್ಚಿದೆ. ಕೂವೆಮರದ ತುದಿಗಳಿಗೆ ತೊಗರಿ ಕಟಗಿ. ಹೊಲದಿಂದ ಆರಿಸಿ ತಂದು ನೆರಳಲ್ಲಿ ಒಂದು ವರ್ಷ ಒಣಗಿಸಿದರೆ ಹಗುರ, ನೇರ, ಸೀಳುವುದೂ ಇಲ್ಲ. ಮುಂದಿನ ಬೇಸಿಗೆಯಲ್ಲಿ 43 ಡಿಗ್ರಿ ಬಿಸಿಲಿಗೆ ಪತ್ರಾಸಿನ, ಅಂದರೆ ತಗಡಿನ ಸೂರಿನ ಕೆಳಗಿದ್ದ ಒಡಲು ಬಾಯಿಬಿಟ್ಟಿತು, ಹಲಗೆ ಹಲಗೆ ನಡುವೆ ಬೆಳಕು ಕಾಣುವಷ್ಟು. ಈಗ ಹಡಗು ಮಲಗುವ ಕೋಣೆಯಲ್ಲಿ, ಕೂಲರ್ ಮುಂದೆ. ನಾನು ಪತ್ರಾಸಿನ ಕೆಳಗೆ.

ತಂತಿ ಕೆಲಸಕ್ಕೆ ಮಾತ್ರ ಬೀದರಿಗೆ ಋಣಿ. 1:700ರಲ್ಲಿ ಒಂದು ಮೀಟರ್ ಎತ್ತರದ ರೇಲಿಂಗ್ ಅಂದರೆ 1.4 ಮಿಲಿಮೀಟರ್. ಅದಕ್ಕೆ ಕೂದಲಿಗಿಂತ ತೆಳು ತಂತಿ ಬೇಕು. ಚೌಬಾರಾ ಹತ್ತಿರದ ಗಲ್ಲಿಯಲ್ಲಿ ಬಿದರಿ ಕೆಲಸ ಮಾಡುವ ಒಬ್ಬ ಕುಶಲಕರ್ಮಿಯ ಮುಂದೆ ಎರಡು ದಿನ ಕೂತೆ. ಅವರು ಬೆಳ್ಳಿ ತಂತಿಯನ್ನು ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ಎಳೆಯುತ್ತಾರೆ, ದೊಡ್ಡ ತೂತು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡುತ್ತಾರೆ. ನಾನು ಹಳೆಯ ಫ್ಯಾನಿನ ತಾಮ್ರದ ತಂತಿ ತೆಗೆದುಕೊಂಡು ಹೋಗಿದ್ದೆ. ಎಳೆದ ಕೂಡಲೇ ತುಂಡಾಯಿತು. "ಜಲ್ದಿ ಮಾಡಿದ್ರ ಕಟ್ ಆಗ್ತದ್ರಿ," ಅಂತ ನಕ್ಕರು. ಅವರ ಕೈ ಒಂದೇ ವೇಗದಲ್ಲಿ ಹಿಂದೆ ಸರಿಯುತ್ತಿತ್ತು, ಉಸಿರು ಕೂಡ ಅದೇ ಲೆಕ್ಕದಲ್ಲಿ. ನನ್ನ ಕೈಗೆ ಅದು ಬರಲು ಆರು ತಿಂಗಳು ಹಿಡಿಯಿತು.

ನಕ್ಷೆಯೇ ಇಲ್ಲದ ದೋಣಿಯನ್ನು ಮಾಡುವುದು ಹೇಗೆ ಅಂತ ಮುಂದಿನ ಸಾಲಿನ ಹುಡುಗ ಆಗಲೇ ಕೇಳಿದ. ಎರಡು ಉದಾಹರಣೆ. ಒಂದು ದೊಡ್ಡದು. ಐಎನ್‌ಎಸ್‌ವಿ ಕೌಂಡಿನ್ಯ, ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. 2025ರ ಮೇನಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದಕ್ಕೆ ಆಧಾರ ಅಜಂತಾದ ಗೋಡೆಯ ಮೇಲಿನ ಒಂದು ಚಿತ್ರ, ಐದನೇ ಶತಮಾನದ್ದು. ಚಿತ್ರ ಬರೆದವನು ಹಡಗಿನ ಎಂಜಿನಿಯರ್ ಅಲ್ಲ. ಒಂದೇ ಮಗ್ಗುಲು ತೋರಿಸಿದ್ದಾನೆ, ಹೊಟ್ಟೆ ಎಷ್ಟು ಅಗಲ ಅಂತ ಚಿತ್ರದಲ್ಲಿ ಇಲ್ಲ. ಉಳಿದದ್ದನ್ನು ಕೇರಳದ ಹೊಲಿಗೆ ದೋಣಿ ಕಟ್ಟುವವರ ಕೈ ಅನುಭವದಿಂದ ತುಂಬಿಸಿಕೊಂಡರು, ಚಿಕ್ಕ ಮಾದರಿ ಮಾಡಿ ಐಐಟಿ ಮದ್ರಾಸಿನಲ್ಲಿ ನೀರಿನ ಪರೀಕ್ಷೆಯನ್ನೂ ಮಾಡಿದರು. ನೋಡಿ, ಅಲ್ಲಿ ಮಾದರಿಯೇ ಹಡಗಿಗೆ ಆಧಾರ. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಗಾಳಿ ತುಂಬಿಕೊಂಡ ಹಾಯಿಯ ಮೇಲೆ ಅದನ್ನು ನೋಡಿದಾಗ ನನಗಂತೂ ಮೈ ಜುಮ್ ಅಂತು.

ಇನ್ನೊಂದು ಚಿಕ್ಕದು, ನಮ್ಮದೇ. ಯಾದಗಿರಿ ಜಿಲ್ಲೆಯ ತಿಂಥಣಿ ಹತ್ತಿರ ಕೃಷ್ಣಾ ದಡದಲ್ಲಿ ಹರಿಗೋಲು ಅಳೆಯಲು ಹೋಗಿದ್ದೆ. ಟೇಪು ತೆಗೆದು ಅಲ್ಲಿದ್ದ ಅಂಬಿಗರನ್ನು ಕೇಳಿದೆ, ಹರಿಗೋಲಿನ ಅಳತೆ ಎಷ್ಟು ಅಂತ. "ಯಾವ ಹರಗೋಲಿಂದು ಹೇಳ್ಲಿ? ಒಂದೊಂದು ಒಂದೊಂದ್ ಥರ ಇರ್ತಾವ," ಅಂದರು. ಬಿದಿರಿನ ಸೀಳು ಎಷ್ಟು ಉದ್ದ ಸಿಗುತ್ತದೋ ಅಷ್ಟು, ಎಷ್ಟು ಜನ ಕೂರಬೇಕೋ ಅಷ್ಟು. ಅವರ ಅಳತೆ ಮೊಳದಲ್ಲಿ, ಮೊಳ ಅವರದೇ ಕೈಯದ್ದು. ಹಿಂದೆ ಕೆಳಗೆ ತೊಗಲು ಹೊದಿಸುತ್ತಿದ್ದರಂತೆ, ಈಗ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು. ಕೊನೆಗೆ ದಡದಲ್ಲಿ ಬೋರಲಾಗಿ ಬಿದ್ದಿದ್ದ ಒಂದನ್ನೇ ಹಿಡಿದು ಅಳೆದೆ, ಅಡ್ಡಗಲ 9 ಅಡಿ. ಆ ಮೇಜಿನ ತುದಿಯಲ್ಲಿದೆ ನೋಡಿ, 1:24, ಹನ್ನೊಂದೂವರೆ ಸೆಂಟಿಮೀಟರ್. ತಳದಲ್ಲಿ ಗೊಬ್ಬರ ಚೀಲದ ನೀಲಿ ಅಕ್ಷರ ಅರ್ಧ ಕಾಣುತ್ತದೆ, ಅದೂ ಆವತ್ತು ಇದ್ದ ಹಾಗೆಯೇ. ಇಲ್ಲಿರುವ ಎಲ್ಲದರಲ್ಲಿ ಅತಿ ಸರಿಯಾದದ್ದು ಅದೇ ಅಂತ ನನ್ನ ಲೆಕ್ಕ.

ಖರ್ಚು ಎಷ್ಟು ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಮನೆಯವಳು ಮುಂದೆಯೇ ಕೂತಿದ್ದಾಳೆ, ಆ ಪ್ರಶ್ನೆ ಬಿಡೋಣ.

ಮೂರನೇ ವಿಕ್ರಾಂತ್ ಈಗ ಅರ್ಧ ಆಗಿದೆ. 1:350, ಸರಿಯಾಗಿ 61 ಸೆಂಟಿಮೀಟರ್, ದಿನ್ನೆ ಇಲ್ಲ. ಆ ತರಕಾರಿ ಚೀಲದ ಹಿರಿಯರನ್ನು ಹುಡುಕಿ ಹುಡುಕಿ ಕೊನೆಗೂ ಪತ್ತೆ ಮಾಡಿದೆ. ನೌಕಾಪಡೆಯಲ್ಲಿ ಇದ್ದವರೇ, ಆ ಹಡಗಿನಲ್ಲೇ ಕೆಲಸ ಮಾಡಿದವರು. ಮನೆಗೆ ಕರೆದೆ, ಬಂದರು. ಕನ್ನಡಕ ಮೇಲೆತ್ತಿ, ಬಗ್ಗಿ, ಮತ್ತೆ ಎರಡು ನಿಮಿಷ ಮಾತಿಲ್ಲ. ನನಗೆ ಬೆವರು. ಆಮೇಲೆ ಐಲ್ಯಾಂಡಿನ, ಅಂದರೆ ಡೆಕ್ಕಿನ ಮೇಲೆ ಎದ್ದು ನಿಂತಿರುವ ಗೋಪುರದ ಹಿಂದೆ, ಒಂದು ಬಾಗಿಲಿನ ಎಡಕ್ಕೆ ಬೆರಳಿಟ್ಟರು.

"ಇಲ್ಲಿ ಒಂದು ಕೆಂಪು ಬಕೆಟ್ ತೂಗಾಡ್ತಿತ್ರಿ."

ನನ್ನ ಹತ್ತಿರ ಆ ಬಾಗಿಲಿನ ಫೋಟೋ ಇದೆ. ಬಕೆಟ್ ಇದೆ, ಆದರೆ ಬಲಕ್ಕೆ. ತೋರಿಸಿದೆ. ಅವರು ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಅಲ್ಲಿ ತಾರೀಖು ಇರಲಿಲ್ಲ. "ಇದು ನಾ ಬಿಟ್ಟು ಬಂದ ಮ್ಯಾಗಿಂದು ಇರಬೇಕು," ಅಂದರು. ಅವರ ಹತ್ತಿರ ಒಂದು ಆಲ್ಬಂ ಇದೆಯಂತೆ, ಟ್ರಂಕಿನ ತಳದಲ್ಲಿ, ಮಗಳ ಮನೆಯಲ್ಲಿ. ಮಗಳು ಇರುವುದು ಶಹಾಬಾದಿನಲ್ಲಿ. ಬರುವ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಬಕೆಟ್ಟನ್ನು ಮಾಡಿಟ್ಟಿದ್ದೇನೆ, ಬಣ್ಣವೂ ಬಳಿದಾಗಿದೆ. ಇನ್ನೂ ಅಂಟಿಸಿಲ್ಲ.